ಥಟ್ತ್ವಮೀಮಾಂಸೆ: ರಸಪ್ರಶ್ನೆಯ ಹಳಹಳಿಕೆ ಕುರಿತ ಒಂದು ತಾತ್ತ್ವಿಕ ಪ್ರವೇಶಿಕೆ

ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರ ಜನವರಿ 4ರಂದು ಆರಂಭವಾದ ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆ ಕಾರ್ಯಕ್ರಮವನ್ನು ಎಳವೆಯಲ್ಲಿ ನೋಡಿದ್ದ ಕನ್ನಡಿಗನು, ಮೂವತ್ತು ದಾಟಿ ಗೃಹಸಾಲದ ಕಂತು ಕಟ್ಟುವ ಹಂತಕ್ಕೆ ಬಂದ ಮೇಲೆ, ಆ ಹೆಸರು ಕಿವಿಗೆ ಬಿದ್ದ ಮಾತ್ರಕ್ಕೆ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ನಿಟ್ಟುಸಿರು ಬಿಟ್ಟು, ‘ಆ ಕಾಲಾನೇ ಬೇರೆ ಬಿಡಿ’ ಎಂದು ನುಡಿಯುವ ವಿದ್ಯಮಾನವನ್ನು ಪ್ರಸ್ತುತ ಅಧ್ಯಯನವು ‘ಥಟ್ತ್ವ’ ಎಂಬ ಪಾರಿಭಾಷಿಕದಿಂದ ಗುರುತಿಸುತ್ತದೆ. ಡಿಟಿಪಿ ಮಾಡುವವರು ಇದನ್ನು ಕಾಗುಣಿತದ ತಪ್ಪೆಂದು ಬಗೆದು ‘ತತ್ತ್ವ’ ಎಂದು ತಿದ್ದಿಬಿಡುವ ಸಂಭವವಿದೆಯಾದರೂ, ಹಾಗೆ ತಿದ್ದಿದರೂ ಪ್ರಬಂಧದ ಅರ್ಥಕ್ಕೆ ಯಾವ ಬಾಧೆಯೂ ಆಗದಿರುವುದರಿಂದ ಅವರನ್ನು ತಡೆಯುವ ಅಗತ್ಯವಿಲ್ಲ.

ಇಂಥ ಅಧ್ಯಯನಕ್ಕೆ ತಾತ್ತ್ವಿಕ ಚೌಕಟ್ಟೊಂದು ಬೇಕೇ ಬೇಕೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಚೌಕಟ್ಟೆಂದರೆ ಒಳಗೆ ಚಿತ್ರವಿಲ್ಲದಿದ್ದರೂ ಗೋಡೆಗೆ ತೂಗುಹಾಕಬಹುದಾದ ವಸ್ತು. ಅದರಂತೆ ಇಲ್ಲಿ ಥಟ್ತ್ವವನ್ನು ವಸಾಹತೋತ್ತರ, ಆಧುನಿಕೋತ್ತರ ಮತ್ತು ಊಟೋತ್ತರ ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸಲಾಗುವುದು. ‘ನೆಲೆ’ ಎಂದರೆ ಸಂಶೋಧಕನು ನಿಂತುಕೊಳ್ಳುವ ಜಾಗ. ‘ಆಯಾಮ’ ಎಂದರೆ ಆ ಜಾಗದಿಂದ ಅವನಿಗೆ ಕಾಣಿಸದೇ ಇದ್ದದ್ದು. ‘ಸಂಕಥನ’ ಎಂದರೆ ಮಾತು, ಆದರೆ ಪ್ರಯಾಣಭತ್ಯೆ ಪಡೆದು ಆಡಿದ ಮಾತು. ಮೂರು ನೆಲೆಗಳ ಪೈಕಿ ಮೊದಲೆರಡು ಸಂಪ್ರದಾಯಕ್ಕೆ ತಲೆಬಾಗಿ ಸೇರಿದವು. ಕಾರ್ಯಕ್ರಮವು ರಾತ್ರಿ 9.30ಕ್ಕೆ, ಅಂದರೆ ಕರ್ನಾಟಕದ ಬಹುತೇಕ ಮನೆಗಳಲ್ಲಿ ಮಜ್ಜಿಗೆ ಅನ್ನ ಮುಗಿದು ಕೈತೊಳೆಯುವ ಹೊತ್ತಿಗೆ, ಪ್ರಸಾರವಾಗುತ್ತಿತ್ತಾದ್ದರಿಂದ ಊಟೋತ್ತರ ನೆಲೆಯೊಂದೇ ವಾಸ್ತವದಲ್ಲಿ ಪ್ರಸ್ತುತವೆನಿಸುತ್ತದೆ.

ಹಳಹಳಿಕೆಯ ವಂಶಾವಳಿಯನ್ನು ಯೂರೋಪಿನಿಂದ ಆರಂಭಿಸದ ಪ್ರಬಂಧವನ್ನು ಯಾವ ಪರೀಕ್ಷಕನೂ ಒಪ್ಪುವುದಿಲ್ಲವಾದ್ದರಿಂದ ಇಲ್ಲಿಯೂ ಹಾಗೆಯೇ ಮಾಡಲಾಗಿದೆ. ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿಯು 1688ರಲ್ಲಿ ಬಾಸೆಲ್ ನಗರದಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಹಳಹಳಿಕೆಯನ್ನು ಒಂದು ಕಾಯಿಲೆಯೆಂದೇ ವರ್ಣಿಸಿದನು. ಊರು ಬಿಟ್ಟು ಬಂದವರು ಅನ್ನ ನಿದ್ರೆ ಬಿಟ್ಟು ಸೊರಗುವುದು ಅದರ ಲಕ್ಷಣವಾಗಿತ್ತು, ಊರಿಗೆ ಮರಳುವುದೇ ಮದ್ದಾಗಿತ್ತು. ಪರದೇಶದ ಸೈನ್ಯಗಳಲ್ಲಿ ಕೂಲಿಗೆ ಕಾದುತ್ತಿದ್ದ ಸ್ವಿಸ್ ಸಿಪಾಯಿಗಳು ತಮ್ಮ ಬೆಟ್ಟದ ದನಗಾಹಿಗಳ ರಾಗ ಕೇಳಿದರೆ ಕುಸಿದುಹೋಗುತ್ತಾರೆಂದು ಆ ರಾಗವನ್ನೇ ನಿಷೇಧಿಸಿದ್ದರೆಂಬ ಮಾತೂ ಪ್ರಚಲಿತವಾಗಿದೆ. ಸ್ವಿಸ್ ಸಿಪಾಯಿಗೆ ದನಗಾಹಿಯ ರಾಗವು ಏನಾಗಿತ್ತೋ ಬೆಳ್ಳಂದೂರಿನ ಸಾಫ್ಟ್‌ವೇರ್ ಉದ್ಯೋಗಿಗೆ ಚಂದನದ ಶೀರ್ಷಿಕೆ ಸಂಗೀತವು ಅದೇ ಆಗಿದೆಯೆಂಬುದು ಈ ಅಧ್ಯಯನದ ಪ್ರಮುಖ ಪ್ರತಿಪಾದನೆ. ವ್ಯತ್ಯಾಸವಿಷ್ಟೇ, ಸಿಪಾಯಿಯು ಸೊರಗುತ್ತಿದ್ದನು, ಉದ್ಯೋಗಿಯು ಸೊರಗುವುದಿಲ್ಲ. ಕಾರ್ಯಕ್ರಮವನ್ನು ನಡೆಸಿಕೊಟ್ಟ ಡಾ. ನಾ. ಸೋಮೇಶ್ವರ ಅವರು ಓದಿನಿಂದ ವೈದ್ಯರಾಗಿರುವುದನ್ನೂ ಇಲ್ಲಿ ಕಾಕತಾಳೀಯವೆಂದು ಬಿಡುವಂತಿಲ್ಲ. ಕಾಯಿಲೆ ಹುಟ್ಟುವುದಕ್ಕೆ ಮೊದಲೇ ವೈದ್ಯರನ್ನು ತೆರೆಯ ಮೇಲೆ ಕೂರಿಸಿದ ದೂರದೃಷ್ಟಿಯು ಸರ್ಕಾರಿ ಸಂಸ್ಥೆಗಳಲ್ಲಿ ಅಪರೂಪ.

ಇನ್ನು ಕಾಲಮೀಮಾಂಸೆ. ಥಟ್ತ್ವಗ್ರಸ್ತರು ತಮ್ಮನ್ನು ‘ತೊಂಬತ್ತರ ದಶಕದ ಮಕ್ಕಳು’ ಎಂದು ಕರೆದುಕೊಳ್ಳುತ್ತಾರೆ ಮತ್ತು ‘ಥಟ್ ಅಂತ ಹೇಳಿ’ಯನ್ನು, ಬುಗುರಿ, ಗೋಲಿ, ಐವತ್ತು ಪೈಸೆಯ ಐಸ್‌ಕ್ಯಾಂಡಿಗಳೊಡನೆ, ಆ ದಶಕದ ಜಮೆಗೇ ಹಾಕುತ್ತಾರೆ. ಕಾರ್ಯಕ್ರಮ ಆರಂಭವಾದುದು 2002ರಲ್ಲಿ ಎಂಬ ಸಂಗತಿ ಇದಕ್ಕೆ ಅಡ್ಡಿಯಾಗಿಲ್ಲ. ಒಂದು ವಸ್ತುವು ತಾನು ಹುಟ್ಟುವುದಕ್ಕಿಂತ ಮೊದಲೇ ನೆನಪಾಗಿಬಿಡುವ ಈ ಸ್ಥಿತಿಯನ್ನು ‘ಪ್ರಾಕ್‌ಸ್ಮೃತಿ’ ಎನ್ನಬಹುದು, ಎನ್ನದಿದ್ದರೂ ನಡೆಯುತ್ತದೆ. ನೆನಪಿಗೆ ಇಸವಿ ಬೇಕಿಲ್ಲ, ಬೇಕಾಗಿರುವುದು ಈಗಿನ ದಿನಗಳನ್ನು ಬೈಯಲು ಒಂದು ಆಧಾರ ಮಾತ್ರ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಕಾರ್ಯಕ್ರಮವು ಹುಟ್ಟಿದ ಸಂದರ್ಭವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ. ದೂರದರ್ಶನದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ಅವರು ನಡೆಸಿದ ‘ಕ್ವಿಜ್ ಟೈಮ್’ ರಸಪ್ರಶ್ನೆಯನ್ನು ಇಂಗ್ಲಿಷಿನ ಕಾಲೇಜು ಹುಡುಗರ ಆಟವಾಗಿ ದೇಶಕ್ಕೆ ತೋರಿಸಿತ್ತು. ಅದೇ ಬಸು ಅವರು ನಿರ್ಮಾಣದಲ್ಲಿ ತೊಡಗಿದ ‘ಕೌನ್ ಬನೇಗಾ ಕರೋಡ್‌ಪತಿ’ಯು 2000ರ ಜುಲೈ 3ರಂದು ಬ್ರಿಟನ್ನಿನ ಮೂಲಮಾದರಿಯೊಂದನ್ನು ಅನುಸರಿಸಿ ಆರಂಭವಾಗಿ, ಅಮಿತಾಭ್ ಬಚ್ಚನ್ ಅವರ ಕಂಠದ ಮೂಲಕ ಒಂದು ಕೋಟಿ ರೂಪಾಯಿಯನ್ನು ಪ್ರತಿ ಮನೆಯ ನಡುಮನೆಗೆ ತಂದಿಟ್ಟಿತು. ಆ ಬಗೆಯ ಕಾರ್ಯಕ್ರಮದಲ್ಲಿ ಉತ್ತರಕ್ಕಿಂತ ಉತ್ತರದ ಮುಂಚಿನ ಮೌನಕ್ಕೆ ಬೆಲೆ ಹೆಚ್ಚು. ದೀಪಗಳು ಮಂಕಾಗುತ್ತವೆ, ವಾದ್ಯ ಗುಡುಗುತ್ತದೆ, ಸ್ಪರ್ಧಿಯ ತಾಯಿ ಕಣ್ಣೊರೆಸಿಕೊಳ್ಳುತ್ತಾರೆ, ಅಷ್ಟರಲ್ಲಿ ಜಾಹೀರಾತು ಬರುತ್ತದೆ. ಇಡೀ ದೇಶವು ಕೋಟಿಯ ಜ್ವರದಲ್ಲಿದ್ದ ಅಂಥ ಹೊತ್ತಿನಲ್ಲಿ, ಒಂದೂವರೆ ವರ್ಷದ ಅಂತರದಲ್ಲಿ, ಬೆಂಗಳೂರಿನ ಸರ್ಕಾರಿ ವಾಹಿನಿಯೊಂದು ಸರಿಯುತ್ತರ ಹೇಳಿದವರಿಗೆ ಒಂದು ಕನ್ನಡ ಪುಸ್ತಕ ಕೊಡುತ್ತೇವೆಂದು ಘೋಷಿಸಿತು. ಅರ್ಥಶಾಸ್ತ್ರದ ಯಾವ ಸಿದ್ಧಾಂತದಿಂದಲೂ ಸಮರ್ಥಿಸಲಾಗದ ಈ ನಡೆಯು ಉಳಿದುಕೊಂಡು ಬಂದು, ಸಾವಿರ ಕಂತು ದಾಟಿ, ಎರಡು ಸಾವಿರ ದಾಟಿ, ಮೂರು ಸಾವಿರವನ್ನೂ ದಾಟಿತು, ಲಿಮ್ಕಾ ದಾಖಲೆ ಪುಸ್ತಕವನ್ನೂ ಸೇರಿತು. ಕೋಟಿಯ ಕನ್ನಡ ಅವತಾರವು 2012ರಲ್ಲಿ ಪುನೀತ್ ರಾಜಕುಮಾರ್ ಅವರ ನಿರೂಪಣೆಯಲ್ಲಿ ಬಂದಾಗ ಪುಸ್ತಕದ ಕಾರ್ಯಕ್ರಮಕ್ಕೆ ಆಗಲೇ ಹತ್ತು ವರ್ಷ ತುಂಬಿತ್ತು.

ಈಗ ವರ್ಗೀಕರಣ. ಥಟ್ತ್ವಗ್ರಸ್ತ ವೀಕ್ಷಕರನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ‘ಪೂರ್ವೋತ್ತರಿಗಳು’, ಪ್ರಶ್ನೆ ಮುಗಿಯುವುದಕ್ಕೆ ಪೂರ್ವದಲ್ಲಿಯೇ ಉತ್ತರವನ್ನು ಕೂಗುವ ಇವರಿಗೂ ಅಸ್ಸಾಮಿಗೂ ಸಂಬಂಧವಿಲ್ಲ. ಎರಡನೆಯವರು ‘ಪಶ್ಚಾದುತ್ತರಿಗಳು’, ಸರಿಯುತ್ತರ ಪ್ರಕಟವಾದ ಮರುಕ್ಷಣ ‘ಅದೇ ಹೇಳೋಣ ಅಂತಿದ್ದೆ’ ಎನ್ನುವವರು, ಸಂಖ್ಯೆಯಲ್ಲಿ ಬಹುಮತವುಳ್ಳವರು, ಮುಂದೆ ಬಹುಪಾಲು ಆಡಳಿತ ಹುದ್ದೆಗಳಿಗೆ ಏರಿದವರು. ಮೂರನೆಯವರು ‘ಅಂತರುತ್ತರಿಗಳು’. ಇವರು ತೆರೆಯ ಮುಂದೆ ಕುಳಿತವರಲ್ಲ; ಒಳಗೆ ಪಾತ್ರೆ ತೊಳೆಯುತ್ತಲೋ, ನಾಳೆಯ ದೋಸೆಗೆ ಹಿಟ್ಟು ರುಬ್ಬುತ್ತಲೋ, ನಲ್ಲಿಯ ಸದ್ದಿನ ನಡುವೆ ಪ್ರಶ್ನೆಯನ್ನು ಅರ್ಧಂಬರ್ಧ ಕೇಳಿಸಿಕೊಂಡು, ಗಾದೆಯ ಉಳಿದರ್ಧವನ್ನೋ ಪುರಾಣದ ಪಾತ್ರದ ಹೆಸರನ್ನೋ ಸ್ಪರ್ಧಿಗಿಂತ ಮೊದಲೇ, ಯಾರಿಗೆಂದು ಇಲ್ಲದೆ, ಹೇಳಿಬಿಡುತ್ತಿದ್ದವರು. ಅವರ ಉತ್ತರವನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಹಾಲಿನಲ್ಲಿ ಕುಳಿತ ಪಶ್ಚಾದುತ್ತರಿಯು ಒಳಗಿನಿಂದ ಬಂದ ಉತ್ತರವನ್ನು ಕೇಳಿಸಿಕೊಂಡು ತನ್ನದೆಂದು ಹೇಳಿದ ಸಂದರ್ಭಗಳೇ ಹೆಚ್ಚಿರಬೇಕು. ಇಂದು ‘ಆ ಕಾಲಾನೇ ಬೇರೆ’ ಎಂದು ಕಣ್ಣು ತುಂಬಿಕೊಳ್ಳುವ ಬರಹಗಳಲ್ಲಿ ಬುಗುರಿಗೆ ಜಾಗವಿದೆ, ಐಸ್‌ಕ್ಯಾಂಡಿಗೆ ಜಾಗವಿದೆ, ಆ ಒಳದನಿಗೆ ಮಾತ್ರ ಇಲ್ಲ. ಉಳಿದ ನಾಲ್ಕು ವರ್ಗಗಳನ್ನು ವಿವರಿಸುವ ಉತ್ಸಾಹ ಇಲ್ಲಿಗೆ ಮುಗಿದಿರುವುದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ.

‘ರಿಮೋಟಾಧಿಕಾರ’ದ ಪ್ರಶ್ನೆಯನ್ನಾದರೂ ಮುಟ್ಟದೆ ಹೋಗುವಂತಿಲ್ಲ, ಮನೆಯ ರಿಮೋಟು ಯಾರ ಕೈಯಲ್ಲಿದೆಯೋ ಅವರದೇ ಸಂಸ್ಕೃತಿ ಎಂಬುದು ಇದರ ಸಾರ. ದೂರದರ್ಶನದ ನಿರ್ದಿಷ್ಟ ವಾಹಿನಿಗಳ ಜೊತೆಗೆ ಆಯಾ ರಾಜ್ಯದ ಭಾಷೆಯ ವಾಹಿನಿಯನ್ನೂ ಕೇಬಲ್‌ನವರು ತೋರಿಸಲೇಬೇಕೆಂದು 1995ರ ಕೇಬಲ್ ಟೆಲಿವಿಷನ್ ಕಾಯಿದೆಯ 2000ದ ತಿದ್ದುಪಡಿಯು ವಿಧಿಸಿದ್ದರಿಂದ, ಚಂದನವು ಮನೆಮನೆಗೆ ಬಂದದ್ದು ಪ್ರೀತಿಯಿಂದಷ್ಟೇ ಅಲ್ಲ, ಕಾನೂನಿನ ಬಲದಿಂದಲೂ ಹೌದು. ಆದರೆ ಒಂಬತ್ತೂವರೆಗೆ ಆ ಗುಂಡಿಯನ್ನು ಒತ್ತಲೇಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. ಅತ್ತೆ ಸೊಸೆಯರ ಧಾರಾವಾಹಿ, ಕಿರುಚುವ ಸುದ್ದಿ, ಕ್ರಿಕೆಟ್ಟು, ಕೊನೆಗೆ ಅಂಗೈಯ ಫೋನು, ಹೀಗೆ ಒಂದೊಂದಾಗಿ ಬಂದವು. ವೀಕ್ಷಕರು ಒಬ್ಬೊಬ್ಬರಾಗಿ ಜಾರಿದರು.

ಇಲ್ಲಿ ಥಟ್ತ್ವಮೀಮಾಂಸೆಯ ಅತ್ಯಂತ ಜಟಿಲ ಸಮಸ್ಯೆ ಎದುರಾಗುತ್ತದೆ. ಹಳಹಳಿಕೆಯ ವಸ್ತುವು ಸತ್ತಿರಬೇಕೆಂಬುದು ಶಾಸ್ತ್ರದ ಮೊದಲ ನಿಯಮ. ಸತ್ತಿಲ್ಲದಿದ್ದರೆ ಶ್ರದ್ಧಾಂಜಲಿ ಹೇಗೆ ಸಲ್ಲುತ್ತದೆ? ಆದರೆ ‘ಥಟ್ ಅಂತ ಹೇಳಿ’ಯು ವಿದ್ವಾಂಸರ ಅನುಕೂಲವನ್ನು ಲೆಕ್ಕಿಸದೆ ಎರಡು ದಶಕಗಳ ಗೆರೆಯನ್ನು ದಾಟಿ ನಡೆಯಿತು. ಜನರು ಅದನ್ನು ನೆನೆದು ಅತ್ತ ಎಷ್ಟೋ ರಾತ್ರಿಗಳಲ್ಲಿ, ಅದೇ ಹೊತ್ತಿಗೆ, ಎರಡು ಗುಂಡಿಯಾಚೆ, ಅದೇ ಪ್ರಶ್ನಕಾರರು ಅದೇ ನಗುಮುಖದಲ್ಲಿ ಹೊಸ ಪ್ರಶ್ನೆ ಕೇಳುತ್ತಿದ್ದರು. ಈ ಸಂಗತಿಯನ್ನು ತಿಳಿಸಿದರೆ ಥಟ್ತ್ವಗ್ರಸ್ತನು ಹೇಳುವ ಮಾತು ಎಲ್ಲ ಕಡೆಯೂ ಒಂದೇ: ‘ಅಯ್ಯೋ, ಅದು ಇನ್ನೂ ಬರುತ್ತಾ?’ ಈ ಉದ್ಗಾರದಲ್ಲಿ ಸಂತೋಷಕ್ಕಿಂತ ಕಿರಿಕಿರಿಯೇ ಹೆಚ್ಚಿರುವುದನ್ನು ಕಿವಿಯುಳ್ಳವರು ಗಮನಿಸಿಯಾರು. ಬದುಕಿರುವುದನ್ನು ಬೆಂಬಲಿಸಬೇಕಾಗುತ್ತದೆ, ಅದಕ್ಕೆ ಸಮಯ ಬೇಕು. ಸತ್ತದ್ದನ್ನು ಹೊಗಳಿದರೆ ಸಾಕು. ಹೀಗೆ ಉಸಿರಾಡುತ್ತಿರುವಾಗಲೇ ಪುಣ್ಯತಿಥಿ ಆಚರಿಸಿಕೊಂಡ ವಸ್ತುವನ್ನು ಶಾಸ್ತ್ರದಲ್ಲಿ ‘ಜೀವಂತ ದಿವಂಗತ’ ಎನ್ನಬೇಕಾಗುತ್ತದೆ, ಮತ್ತು ಕನ್ನಡದಲ್ಲಿ ಈ ವರ್ಗಕ್ಕೆ ಸೇರುವ ವಸ್ತುಗಳು ಹಲವಿವೆ: ಊರಿನ ಗ್ರಂಥಾಲಯ, ಕನ್ನಡ ಶಾಲೆ, ಹವ್ಯಾಸಿ ರಂಗತಂಡ, ಸಣ್ಣ ಪತ್ರಿಕೆ. ಇವುಗಳ ಮೇಲೆ ಬರೆದ ನೆನಪಿನ ಲೇಖನಗಳನ್ನು ಓದಿದವರ ಪೈಕಿ ಹತ್ತರಲ್ಲೊಬ್ಬರು ಬಾಗಿಲವರೆಗೆ ಹೋಗಿದ್ದರೂ ಆ ಲೇಖನಗಳ ಅಗತ್ಯವೇ ಬೀಳುತ್ತಿರಲಿಲ್ಲ.

ವಿದ್ವತ್ತಿನ ಪಾಲು ಇದರಲ್ಲಿ ಕಡಿಮೆಯೇನಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಂದಿನಿಂದ ಪ್ರತಿಯೊಂದು ನೆನಪೂ ಲೇಖನವಾಗಬೇಕಾಯಿತು, ಪ್ರತಿಯೊಂದು ಲೇಖನವೂ ‘ಒಂದು ಅಧ್ಯಯನ’ವಾಗಬೇಕಾಯಿತು, ಹಣ ಕಟ್ಟಿಸಿಕೊಂಡು ಅಚ್ಚು ಹಾಕುವ ಐಎಸ್‌ಎಸ್‌ಎನ್ ಸಂಖ್ಯೆಯ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ‘ಅನನ್ಯತೆಯ ಸಂಕಥನದ ಬಹುತ್ವದ ಆಯಾಮಗಳು’ ಎಂದು ಬರೆಯುವವರು, ಅದನ್ನು ಓದಲಾರದೆ ತಲೆದೂಗುವವರು, ತಲೆದೂಗಿದವರಿಗೆ ಶಾಲು ಹೊದಿಸುವವರು, ಈ ಮೂವರೇ ಸೇರಿ ನಡೆಸುವ ರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಕನ್ನಡವು ಪ್ರತಿ ವರ್ಷ ಉದ್ಧಾರವಾಗುತ್ತಿದೆ. ಇದು ಕನ್ನಡವೇ? ಇದನ್ನು ಯಾರ ಮನೆಯಲ್ಲಿ ಆಡುತ್ತಾರೆ? ಇದೇ ವರ್ಷಗಳಲ್ಲಿ ಒಬ್ಬ ವೈದ್ಯರು, ಹಳಗನ್ನಡದಿಂದ ಹೃದಯದ ಕವಾಟದವರೆಗೆ, ವಚನದಿಂದ ಕ್ರಿಕೆಟ್ಟಿನವರೆಗೆ, ಹಳ್ಳಿಯ ರೈತನಿಗೂ ಕಾಲೇಜು ಹುಡುಗಿಗೂ ಒಂದೇ ಸಲಕ್ಕೆ ಅರ್ಥವಾಗುವ ಮಾತಿನಲ್ಲಿ, ತಪ್ಪು ಹೇಳಿದವರ ಮುಖ ಬಾಡದಂತೆ, ರಾತ್ರಿಯ ಮೇಲೆ ರಾತ್ರಿ ಪ್ರಶ್ನೆ ಕೇಳುತ್ತ ಹೋದರು. ಜ್ಞಾನವನ್ನು ತಿಳಿಗನ್ನಡದಲ್ಲಿ ಹಂಚಬಹುದೆಂಬುದಕ್ಕೆ ಮೂರು ಸಾವಿರಕ್ಕೂ ಮೀರಿದ ಪುರಾವೆಗಳು ಹೀಗೆ ಸಿದ್ಧವಾದವು. ಅದಕ್ಕೆ ಅಂಕ ಕೊಡುವ ಕಲಮು ನಿಯಮಾವಳಿಯಲ್ಲಿರಲಿಲ್ಲ.

ಉಳಿದದ್ದು ಬಹುಮಾನದ ಮಾತು. ಕನ್ನಡದಲ್ಲಿ ಒಂದು ಪುಸ್ತಕವನ್ನು ಸಾವಿರ ಪ್ರತಿ ಅಚ್ಚು ಹಾಕುವುದು ಬಹುಕಾಲದ ರೂಢಿ. ಈಗ ಅದಕ್ಕೂ ಕಡಿಮೆ ಹಾಕುವ ಪ್ರಕಾಶಕರಿದ್ದಾರೆ, ಅದರಲ್ಲೂ ಒಂದು ಪಾಲು ಗ್ರಂಥಾಲಯದ ಸಗಟು ಖರೀದಿಯನ್ನು ಕಾಯುತ್ತ ಗೋದಾಮಿನಲ್ಲಿ ಕೂರುತ್ತದೆ. ಕೋಟಿಗಟ್ಟಲೆ ಜನರ ಭಾಷೆಯ ಲೆಕ್ಕವಿದು. ಪುಸ್ತಕವು ಗೆದ್ದು ಪಡೆಯಬೇಕಾದ ವಸ್ತು ಎಂದು ಒಂದು ಕಾರ್ಯಕ್ರಮವು ಎರಡು ದಶಕ ಬಿಡದೆ ತೋರಿಸಿತು, ನೋಡಿದವರು ಆ ಕಾರ್ಯಕ್ರಮವನ್ನು ನೆನಪಿಟ್ಟುಕೊಂಡರು, ಪುಸ್ತಕವನ್ನು ಮರೆತರು. ಇದನ್ನು ವಿವರಿಸಲು ಥಟ್ತ್ವವೂ ಸಾಲದು, ತತ್ತ್ವವೂ ಸಾಲದು. ಬಾಲ್ಯದ ರಸಪ್ರಶ್ನೆಯನ್ನು ನೆನೆದು ಮನಸ್ಸು ಭಾರ ಮಾಡಿಕೊಂಡಿರುವ ಓದುಗರು ಈ ತಿಂಗಳು ಒಂದು ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಬೇಕೆಂದು ಕೋರಲಾಗಿದೆ. ಯಾವ ಪ್ರಶ್ನೆಗೂ ಉತ್ತರ ಹೇಳದವರಿಗೂ ಅಂಗಡಿಯವರು ಪುಸ್ತಕ ಕೊಡುತ್ತಾರೆ.