ಎಂಜಿನ್ ಇಳಿಸಿದವರೇ ಧನ್ಯರು

ಓಡುತ್ತಿದ್ದ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದು ಮೆಕ್ಯಾನಿಕ್ ಆ ತೂತಿಗೆ ಅಂಗೈ ಅಡ್ಡ ಹಿಡಿದರು. ಬುಸ್, ಬುಸ್, ಬುಸ್ ಎಂದು ಬೆರಳ ಸಂದಿನಿಂದ ಬಿಸಿ ಹೊಗೆ ಎದ್ದಿತು. ಕೈ ತೆಗೆದರು, ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಹಳೆ ಬನಿಯನಿನ ತುಂಡಿನಲ್ಲಿ ಒರೆಸಿಕೊಂಡರು. ನಾಡಿ ನೋಡುವ ಪಂಡಿತರೂ ಇಷ್ಟು ನಿಧಾನ ಮಾಡಿದ್ದನ್ನು ನಾನು ಕಂಡಿಲ್ಲ. ಮತ್ತೆ ಹೇಳಿದರು: "ಉಸಿರು ಹೋಗಿದೆ ಮಾರಾಯ್ರೆ. ಇಳಿಸುವ."

ವಿಟ್ಲ ಸೀಮೆಯಲ್ಲಿ ಒಂದಿಷ್ಟು ಅಡಿಕೆ ತೋಟವೂ ಒಂದು ಹಳೆ ಜೀಪೂ ಇರುವ ಮನುಷ್ಯನ ಬಾಳಿನಲ್ಲಿ ಈ 'ಇಳಿಸುವ' ಎಂಬ ಮಾತು ಕಿವಿಗೆ ಬೀಳುವ ಗಳಿಗೆ ಸಣ್ಣದಲ್ಲ. ಅದರ ಹಿರಿಮೆಯನ್ನು ಯಾರೂ ಬರೆದಿಟ್ಟಿಲ್ಲ ಎಂಬುದೇ ನನ್ನ ಕೊರಗು. ಅರವತ್ತು ತುಂಬಿದವರಿಗೆ ಶಾಲು ಹೊದೆಸುತ್ತಾರೆ. ಪಂಚಾಯತಿಗೆ ಗೆದ್ದವರಿಗೆ ಫ್ಲೆಕ್ಸ್ ಏಳುತ್ತದೆ. ಮೂವತ್ತೈದು ದಾಟಿದ ಜೀಪಿನ ಎಂಜಿನ್ ಮಾಡಿಸಿ ಮುಗಿಸಿದವನಿಗೆ ಮಾತ್ರ ಪೇಟೆಯಲ್ಲಿ ಒಂದು ಸೇವಂತಿಗೆ ಹಾರವೂ ಇಲ್ಲ.

ಇದಕ್ಕೆ ಸಮನಾದ ಕಾರ್ಯ ನಮ್ಮ ಕಡೆ ಒಂದೇ, ದೇವಸ್ಥಾನದ ಜೀರ್ಣೋದ್ಧಾರ. ಅಲ್ಲಿ ಮೊದಲು ಪ್ರಶ್ನೆ ಇಡುತ್ತಾರೆ. ನಾವೂ ಮೂರು ಗ್ಯಾರೇಜುಗಳಲ್ಲಿ ಕೇಳಿ, ಮೂರು ಉತ್ತರ ಪಡೆದು, ಯಾವುದಕ್ಕೆ ಖರ್ಚು ಹೆಚ್ಚೋ ಅದೇ ಸತ್ಯವೆಂದು ನಿಶ್ಚಯಿಸುತ್ತೇವೆ. ಅಲ್ಲಿ ದೇವರನ್ನು ಗರ್ಭಗುಡಿಯಿಂದ ಬಾಲಾಲಯಕ್ಕೆ ತಂದು ಕೂರಿಸುತ್ತಾರೆ. ನಮ್ಮ ಎಂಜಿನನ್ನು ಚೈನ್‌ಬ್ಲಾಕಿನಲ್ಲಿ ಎತ್ತಿ, ಶೆಡ್ಡಿನ ಮೂಲೆಯಲ್ಲಿ ಹಳೆ ಟಯರಿನ ಮೇಲೆ ಕುಳ್ಳಿರಿಸಿ, ಗೋಣಿ ಹೊದೆಸಿದರು. ದೇವರು ಬಾಲಾಲಯದಲ್ಲಿ ಬಹಳ ದಿನ ಇರಬಾರದು ಎನ್ನುತ್ತಾರೆ. ನಮ್ಮದು ಟಯರಿನ ಮೇಲೆ ನಾಲ್ಕು ತಿಂಗಳು ಹದಿನೇಳು ದಿನ ಇತ್ತು. ಆ ಅವಧಿಯಲ್ಲಿ ಗ್ಯಾರೇಜಿನವರ ಕೋಳಿಯೊಂದು ಖಾಲಿ ಬಾನೆಟ್ಟಿನೊಳಗೆ ಕಾವು ಕೂತು ಒಂಬತ್ತು ಮರಿ ಮಾಡಿಕೊಂಡು ಹೋಯಿತು. ಎಂಜಿನ್ ಇದ್ದ ಕಾಲದಲ್ಲಿ ಆ ಜಾಗದಿಂದ ಇಷ್ಟು ಉತ್ಪತ್ತಿ ಬಂದದ್ದಿಲ್ಲ.

ಎಂಜಿನ್ನಿನ ಕುಲಗೋತ್ರ ಹೇಳದೆ ಸ್ತುತಿ ಮುಂದುವರಿಸುವುದು ಸರಿಯಲ್ಲ. ನಮ್ಮದು ಅಪ್ಪ ತಂದ 1988ರ ಮಹೀಂದ್ರ ಎಂಎಂ 540. ಎಂಜಿನ್ ಮಾತ್ರ ಫ್ರಾನ್ಸಿನ ಪ್ಯೂಜೋದವರದ್ದು. ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಪಿಜೋಟು. 1979ರಲ್ಲಿ ಮಹೀಂದ್ರದವರು ಲೈಸೆನ್ಸು ಪಡೆದು ಇಲ್ಲಿ ಮಾಡಲು ಹೊರಟ ಡೀಸೆಲ್ ಎಂಜಿನ್ ಇದು. ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, ಒಂದೊಂದರ ಬಾಯಗಲ 90 ಮಿಲಿಮೀಟರು. ಪಿಸ್ಟನ್ ಮೇಲೆ ಕೆಳಗೆ ಓಡುವುದು 83 ಮಿಲಿಮೀಟರು. ಲೆಕ್ಕ ಹಾಕಿದರೆ 2112 ಸಿಸಿ. ಇದೇ ಪ್ಯೂಜೋ ಮನೆತನ ಕಾರಿಗೆ ಕೈ ಹಾಕುವ ಮೊದಲು ಮಾಡುತ್ತಿದ್ದದ್ದು ಬೀಸುವ ಯಂತ್ರ: 1840ರಲ್ಲಿ ಕಾಫಿಬೀಜದ್ದು, 1874ರಲ್ಲಿ ಕಾಳುಮೆಣಸಿನದ್ದು. ನಮ್ಮ ಜೀಪು ಏರಿನಲ್ಲಿ ಕಟಕಟ ಎನ್ನುವುದನ್ನು ಕೇಳಿ ಬೇರಿಂಗ್ ಹೋಗಿದೆ ಎಂದವರೆಲ್ಲ ಇತಿಹಾಸ ಓದದವರು. ಅದು ಮೆಣಸು ಬೀಸುವ ಶಬ್ದ. ಹುಟ್ಟುಗುಣ.

ಮಹೀಂದ್ರದವರ ಎಂಜಿನ್ ಕಾರ್ಖಾನೆ ಇರುವುದು ನಾಸಿಕದ ಹತ್ತಿರ ಇಗತ್ಪುರಿಯಲ್ಲಿ. ಗೋಯೆಂಕಾ ಗುರುಗಳ ವಿಪಶ್ಯನ ಕೇಂದ್ರ ಶುರುವಾದದ್ದೂ ಅದೇ ಊರಿನಲ್ಲಿ, 1976ರಲ್ಲಿ. ಅಲ್ಲಿಗೆ ಹೋದವರು ಹತ್ತು ದಿನ ಮೌನವಾಗಿ ಕೂತು ಒಳಗೆ ಹೋಗುವ ಹೊರಗೆ ಬರುವ ಉಸಿರನ್ನು ಗಮನಿಸುತ್ತಾರಂತೆ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದವರಿಗೆ ಅದು ಐದು ನಿಮಿಷದಲ್ಲಿ ಸಿದ್ಧಿಸುತ್ತದೆ.

ಸಮಯಪ್ರಜ್ಞೆಯಲ್ಲೂ ಈ ಎಂಜಿನ್ನನ್ನು ಮೀರಿಸಿದವರಿಲ್ಲ. ಡಿಸೆಂಬರಿನಲ್ಲಿ ಕೆಡುವುದಿಲ್ಲ, ಫೆಬ್ರವರಿಯಲ್ಲೂ ಇಲ್ಲ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಟ್ಟು ಮುಗಿಸಬೇಕು ಎನ್ನುವ ಮೇ ಕೊನೆಯ ವಾರದಲ್ಲಿ, ಮರ ಹತ್ತುವವರು ಬಂದು ಅಂಗಳದಲ್ಲಿ ಕೂತಿರುವಾಗ, ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ ನೂರು ಲೀಟರು ನೀರಿನ ಲೆಕ್ಕದ ಡ್ರಮ್ಮುಗಳು ಹಿಂದುಗಡೆ ಏರಿದ ಮೇಲೆ, ತೋಟದ ದಾರಿಯ ನಡುಮಧ್ಯದಲ್ಲಿ ಕೆಡುತ್ತದೆ. ಬೋರ್ಡೋ ದ್ರಾವಣವೂ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದೇ. ಒಂದೇ ದೇಶದವರು, ನಮ್ಮ ಗುಡ್ಡದಲ್ಲಿ ಭೇಟಿಯಾದಾಗ ಸ್ವಲ್ಪ ಹೊತ್ತು ನಿಂತು ಮಾತಾಡುತ್ತಾರೆ. ನಾವು ಬೇಸರ ಮಾಡಬಾರದು. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಮಂಗಳ, ಸುಮಂಗಳ, ಶ್ರೀಮಂಗಳ ಎಂದು ಒಳ್ಳೊಳ್ಳೆಯ ತಳಿ ಕೊಟ್ಟಿದ್ದಾರೆ. ಮೇ ತಿಂಗಳಲ್ಲಿ ಕೆಡದ ಜೀಪಿನ ತಳಿ ಅವರ ವ್ಯಾಪ್ತಿಗೆ ಬರುವುದಿಲ್ಲ, ಅಷ್ಟೆ.

ಹಿಂದಿನ ಜೀಪುಗಳು ಕೆಡುತ್ತಲೇ ಇರಲಿಲ್ಲ ಎಂದು ಹಿರಿಯರು ಹೇಳುವುದುಂಟು. ನಾನು ಸಣ್ಣವನಿದ್ದಾಗ ವಿಟ್ಲ ಪೇಟೆಯಿಂದ ಒಳದಾರಿಗಳಿಗೆ ಹೊರಡುತ್ತಿದ್ದ ಸರ್ವಿಸ್ ಜೀಪುಗಳು ಚೆನ್ನಾಗಿ ನೆನಪಿವೆ. ಡ್ರೈವರನ ಬಲಕ್ಕೂ ಒಬ್ಬ ಕೂತಿರುತ್ತಿದ್ದ. ಗೇರು ಬದಲಿಸಬೇಕಾದರೆ ಎಡದವನು ಮೊಣಕಾಲು ಎತ್ತಿ ಕೊಡಬೇಕಿತ್ತು. ಹಿಂದೆ ನೇತುಬಿದ್ದವರೂ ಸೇರಿ ತಲೆ ಇಪ್ಪತ್ತು ದಾಟಿದ ಮೇಲೂ "ಇನ್ನಿಬ್ಬರಿಗೆ ಜಾಗ ಉಂಟು" ಎಂಬ ಕೂಗು ನಿಲ್ಲುತ್ತಿರಲಿಲ್ಲ. ಆ ಜೀಪುಗಳೂ ಕೆಡುತ್ತಿದ್ದವು. ಇಪ್ಪತ್ತು ಜನ ಇಳಿದು ನೂಕುತ್ತಿದ್ದ ಕಾರಣ ಕೆಟ್ಟದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನು ಒಳಗಿನ ವೈಭವ. ಎಂಜಿನ್ ಬಿಚ್ಚುವ ದಿನ ಮೆಕ್ಯಾನಿಕ್ ಕೆಳಗಿನ ಬೋಲ್ಟ್ ತಿರುಗಿಸಿದಾಗ ಬಂದದ್ದು ಕಪ್ಪು ಆಯಿಲ್ ಅಲ್ಲ, ಹದವಾದ ಹಾಲುಕಾಫಿ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಆಯಿಲಿಗೆ ಇಳಿದಿತ್ತು. ಇಲ್ಲಿಂದ ಕಲ್ಲಡ್ಕ ದೂರವಿಲ್ಲ. ಅಲ್ಲಿನ ಕೇಟಿ ಎಂಬ ಚಹಾದಲ್ಲಿ ಹಾಲಿನ ಮೇಲೆ ಡಿಕಾಕ್ಷನ್ ಹೊಯ್ದರೂ ಎರಡೂ ಬೆರೆಯದೆ ಗಾಜಿನ ಲೋಟದಲ್ಲಿ ಬೇರೆ ಬೇರೆ ನಿಲ್ಲುತ್ತವೆ. ಅದನ್ನು ನೋಡಲು, ಕುಡಿಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೆರೆಯಬೇಕಾದದ್ದನ್ನು ಬೆರೆಯದಂತೆ ಮಾಡಿದ್ದಕ್ಕೆ ಅಷ್ಟು ಕೀರ್ತಿ. ಎಂದೂ ಬೆರೆಯಬಾರದ ನೀರನ್ನೂ ಆಯಿಲನ್ನೂ ಒಂದು ಎಳೆ ಬಿಡದ ಹಾಗೆ ಬೆರೆಸಿದ ನನ್ನ ಎಂಜಿನ್ ಎದುರು ಒಬ್ಬನೂ ಫೋಟೊ ತೆಗೆಸಿಕೊಂಡಿಲ್ಲ.

ಬ್ಲಾಕನ್ನು ಪೇಟೆಯ ಲೇತಿಗೆ ಒಯ್ದದ್ದು ಬೋರ್ ಹೊಡೆಸಲು. ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಸ್ವಲ್ಪ ಅಗಲ ಮಾಡಿ, ಅದಕ್ಕೆ ತಕ್ಕ ದಪ್ಪದ ಪಿಸ್ಟನ್ನು ಹಾಕುವ ಕೆಲಸ. ಅಳತೆ ಥೌ ಲೆಕ್ಕದಲ್ಲಿ. ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ. ಸುದ್ದಿ ಹೇಗೋ ಹರಡಿ ಅಡ್ಯನಡ್ಕದ ಕಡೆಯ ಸಂಬಂಧಿಕರೊಬ್ಬರ ಫೋನ್ ಬಂತು.

"ಬೋರ್ ಹೊಡೆಸಿದಿರಂತೆ?"

"ಹೌದು."

"ಎಷ್ಟು ಹೋಯಿತು?"

"ಇಪ್ಪತ್ತು."

"ಇಪ್ಪತ್ತಕ್ಕೇ ನೀರು ಸಿಕ್ಕಿತಾ? ನಮ್ಮಲ್ಲಿ ಆರುನೂರು ಅಡಿಗೂ ಬರೀ ಧೂಳು ಮಾರಾಯ್ರೆ!"

"ನೀರು ಮೊದಲೇ ಇತ್ತು. ಅದು ನಿಲ್ಲಲಿ ಅಂತಲೇ ಬಿಚ್ಚಿಸಿದ್ದು."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಈಗ ಅವರು ಸಿಕ್ಕಲ್ಲೆಲ್ಲ ನನ್ನ ಆರೋಗ್ಯ ವಿಚಾರಿಸುತ್ತಾರೆ. ಬಾಂಧವ್ಯ ಗಟ್ಟಿಯಾಗಿದೆ.

ಲೇತಿನವರು "ನಾಳೆ ಬನ್ನಿ" ಎಂದರು. ನಾಳೆ ಹೋದಾಗಲೂ ಅದನ್ನೇ ಹೇಳಿದರು. ಮಾತಿಗೆ ತಪ್ಪದ ಇಂಥವರು ಈಗ ಅಪರೂಪ.

ಎಂಜಿನ್ ಮಾಡಿಸುವುದು ಬೇಡ, ಬದಲಿಸಿಯೇ ಬಿಡಿ ಎನ್ನುವ ಪಕ್ಷವೂ ಬಲವಾಗಿದೆ. ಅದರಲ್ಲೂ ಒಳಪಂಗಡಗಳಿವೆ. ಟ್ರಾಕ್ಟರ್ ಎಂಜಿನ್ನಿನ ವಂಶದ ಎಂಡಿಐ ಕೂರಿಸಿದರೆ ಗೇರು ಬದಲಿಸದೆ ಗುಡ್ಡ ಹತ್ತಬಹುದು ಎನ್ನುವವರು ಒಂದು ಕಡೆ. ಅಂಬಾಸಿಡರಿಗೆ ಬರುತ್ತಿದ್ದ ಇಸುಜು ಕೂರಿಸಿದರೆ ಶಬ್ದವೇ ಬಾರದು ಎನ್ನುವವರು ಇನ್ನೊಂದು ಕಡೆ. ಗುಜರಿಯಿಂದ ಟೊಯೊಟಾ ತನ್ನಿ, ಜಪಾನಿನದ್ದು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆದೀತು ಎನ್ನುವವರು ಮತ್ತೊಂದು ಕಡೆ. ಮೂರು ಪಂಗಡದವರೂ ಓಡಾಡುವುದು ಸ್ಕೂಟರಿನಲ್ಲಿ. ಅದರಿಂದಾಗಿಯೇ ಅವರ ಅಭಿಪ್ರಾಯಕ್ಕೆ ಸ್ವಾರ್ಥದ ಸೋಂಕಿಲ್ಲ. ಮೌಂಟಿಂಗ್ ಬೇರೆ, ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ ಬೇರೆ, ರೇಡಿಯೇಟರು ಬೇರೆ, ಸೈಲೆನ್ಸರು ಬೇರೆ ಆಗಬೇಕಾಗುತ್ತದೆ ಎಂದು ನಾನು ಹೇಳಿದರೆ "ಅದೆಲ್ಲ ಸಣ್ಣ ಕೆಲಸ" ಎನ್ನುತ್ತಾರೆ.

ಕಾನೂನೂ ಈ ವಿಷಯದಲ್ಲಿ ಉದಾರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಎಂಜಿನ್ ಬದಲಿಸಿದವರು ಹದಿನಾಲ್ಕು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಈ ಹದಿನಾಲ್ಕು ದಿನವನ್ನು ಎಂಜಿನ್ ಕೂರಿಸಿದ ದಿನದಿಂದ ಎಣಿಸಬೇಕೋ, ಅದು ಮೊದಲ ಬಾರಿ ಸ್ಟಾರ್ಟ್ ಆದ ದಿನದಿಂದಲೋ ಎಂದು ನಮ್ಮ ಮೆಕ್ಯಾನಿಕ್ ಕೇಳಿದರು. ನಡುವೆ ಒಂದು ಮಳೆಗಾಲ ಹೋಗಬಹುದಾದ ಕಾರಣ ಪ್ರಶ್ನೆ ನ್ಯಾಯವಾದದ್ದೇ. ನಾನು ಬದಲಿಸುವ ಗೋಜಿಗೆ ಹೋಗಲಿಲ್ಲ. ಬ್ಲಾಕನ್ನು ಉಳಿಸಿಕೊಂಡು ಪಿಸ್ಟನ್, ರಿಂಗು, ವಾಲ್ವು, ಬೇರಿಂಗು, ಆಯಿಲ್ ಪಂಪು, ನೋಜಲು ಎಲ್ಲ ಹೊಸತು ಹಾಕಿಸಿದೆ. ಬಾಡಿಯ ತಗಡು ಬದಲಾಗಿ ಹತ್ತು ವರ್ಷವಾಯಿತು. ಅಪ್ಪನ ಕಾಲದ್ದು ಎಂದು ಈಗ ಎದೆ ತಟ್ಟಿ ಹೇಳಬಹುದಾದದ್ದು ಬ್ಲಾಕಿನ ಮೇಲೆ ಒತ್ತಿದ ಆ ನಂಬರು. ಅದನ್ನು ಎಣ್ಣೆ ಹಾಕಿ ಒರೆಸಿ ಇಟ್ಟಿದ್ದೇನೆ.

ಖರ್ಚಿನ ಮಾತು ಎತ್ತುವುದು ಭಕ್ತರಿಗೆ ಶೋಭೆಯಲ್ಲ. ಆದರೂ ಹೇಳುತ್ತೇನೆ, ನಮ್ಮಲ್ಲಿ ಲೆಕ್ಕವೆಲ್ಲ ಅಡಿಕೆಯಲ್ಲೇ ನಡೆಯುವುದು. ಶುರುವಿಗೆ ಹೇಳಿದ್ದು ಒಂದೂವರೆ ಕ್ವಿಂಟಲ್. ಹೆಡ್ ಬಿಚ್ಚಿದಾಗ ಎರಡೂಕಾಲು. ಕ್ರ್ಯಾಂಕು ನೋಡಿದ ಮೇಲೆ ಮೂರು. ಪಂಪು ಪರೀಕ್ಷೆಗೆ ಹೋಗಿ ಬಂದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಹೊಸ ಅಡಿಕೆಯನ್ನು ಮಾರದೆ ಅಟ್ಟದಲ್ಲಿ ಇಟ್ಟು, ಹಳತಾಗಿಸಿ, ಡಬಲ್ ಚೋಲ್ ಧಾರಣೆಗೆ ಕಾಯುವ ಲೋಭ ನನ್ನಲ್ಲಿತ್ತು. ಎಂಜಿನ್ ಆ ಲೋಭವನ್ನು ಬೇರು ಸಹಿತ ಕಿತ್ತಿತು. ಈಗ ಅಟ್ಟದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ವಯಸ್ಸಾದದ್ದಕ್ಕೆ ಬೆಲೆ ಕೊಡುವುದರಲ್ಲಿ ಸರಕಾರವೂ ಅಡಿಕೆ ಮಾರುಕಟ್ಟೆಗಿಂತ ಹಿಂದೆ ಬಿದ್ದಿಲ್ಲ. ಹದಿನೈದು ದಾಟಿದ ಲಘು ವಾಹನದ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದನ್ನು 2022ರ ಏಪ್ರಿಲ್ 1ರಿಂದ 5,000 ಮಾಡಿತು. ಅಂತೂ ನಮ್ಮ ಜೀಪೂ ಡಬಲ್ ಚೋಲ್ ಆಯಿತು.

ಎಂಜಿನ್ ಕೂತ ದಿನ ಮೆಕ್ಯಾನಿಕ್ ಕೀ ಕೊಡುತ್ತಾ ನಿಯಮ ಹೇಳಿದರು. ಮೊದಲ ಸಾವಿರ ಕಿಲೋಮೀಟರು ನಲವತ್ತರ ಮೇಲೆ ಓಡಿಸಬಾರದು, ಭಾರ ಹೇರಬಾರದು, ಏರಿನಲ್ಲಿ ಹಿಂಸೆ ಕೊಡಬಾರದು. ವಿಟ್ಲದಲ್ಲಿ ಏರಿಲ್ಲದ ಸಾವಿರ ಕಿಲೋಮೀಟರು ಎಲ್ಲಿದೆಯೆಂದು ಕೇಳಿದ್ದಕ್ಕೆ ನಕ್ಕರು. ಹೀಗಾಗಿ ಈ ವರ್ಷದ ಅಡಿಕೆ ಬಾಡಿಗೆ ಪಿಕಪ್ಪಿನಲ್ಲಿ ಮಾರುಕಟ್ಟೆಗೆ ಹೋಯಿತು. ಪಿಕಪ್ಪಿನ ಹಿಂದೆ, ಖಾಲಿ ಜೀಪಿನಲ್ಲಿ, ನಲವತ್ತರ ಒಳಗೆ, ನಾನು ಹೋದೆ. ದಾರಿಯಲ್ಲಿ ಕಂಡವರೆಲ್ಲ ಕೈ ಬೀಸಿದರು. ಮೆರವಣಿಗೆ ಎಂದುಕೊಂಡರೋ ಏನೋ.

ಬೆಂಗಳೂರಿನಲ್ಲಿರುವ ಮಗ ಅದನ್ನು ಮಾರಿ ಹೊಸ ಥಾರ್ ತೆಗೆದುಕೊಳ್ಳಿ ಎನ್ನುತ್ತಾನೆ. ಅವನಿಗೆ ಇಳಿಜಾರಿನ ಬೆಲೆ ಗೊತ್ತಿಲ್ಲ. ಮದುವೆಮನೆಯಿರಲಿ, ಬೊಜ್ಜದ ಮನೆಯಿರಲಿ, ಇಡೀ ಅಂಗಳದಲ್ಲಿ ಇಳಿಜಾರಾದ ಮೂಲೆ ಯಾವುದೆಂದು ಒಂದು ನೋಟಕ್ಕೆ ಹೇಳಬಲ್ಲೆ. ಜೀಪು ನಿಲ್ಲಿಸಿದ ಕೂಡಲೇ ನನ್ನ ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾಳೆ, ಹೊರಡುವಾಗ ತೆಗೆಯುತ್ತಾಳೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಈ ಒಂದು ವಿಷಯಕ್ಕೆ ನಮ್ಮೊಳಗೆ ಜಗಳವಾಗಿಲ್ಲ.

ಸದ್ಯ ಜೀಪು ಅಂಗಳದಲ್ಲಿದೆ. ಹಿಂದಿನ ಆಯಿಲ್ ಸೀಲು ಹೊಸತೇ, ಆದರೂ ಕೆಳಗೆ ಒಂದು ಅಡಿಕೆ ಹಾಳೆ ಇಟ್ಟಿದ್ದೇನೆ. ನಿನ್ನೆ ಮೂರು ಹನಿ ಬಿದ್ದಿತ್ತು, ಇವತ್ತು ಐದು. ಎಂಜಿನ್ನಿಗೆ ಕೈ ಹಾಕಿದ ಖರ್ಚಿನಲ್ಲಿ ಸ್ಟಾರ್ಟರ್ ಮೋಟಾರನ್ನು ಮುಟ್ಟಲಾಗಲಿಲ್ಲ, ಅದು ಬರುವ ವರ್ಷದ ಬೆಳೆಗೆ. ಅಲ್ಲಿಯವರೆಗೆ ಕನ್ಯಾನ ದಾರಿಯಲ್ಲೋ ಕಬಕದ ಕಡೆಯಲ್ಲೋ ಸಮತಟ್ಟು ಜಾಗದಲ್ಲಿ ಒಂದು ಹಸಿರು ಜೀಪು ನಿಂತದ್ದು ಕಂಡರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ. ಇಳಿದು ಬನ್ನಿ, ನಾಲ್ಕು ಜನ ಸಾಕು. ನಾನು ಎರಡನೇ ಗೇರಿನಲ್ಲಿಟ್ಟು ಕ್ಲಚ್ ಮೆಟ್ಟಿಕೊಂಡೇ ಕೂತಿರುತ್ತೇನೆ.