ತಾತ್ಕಾಲಿಕ ನೌಕರರ ಕೈಗೆ ತಮ್ಮ ಪಾಸ್‌ವರ್ಡ್ ಕೊಡುವ ಯಜಮಾನರಿಗೆ ಬಹಿರಂಗ ಪತ್ರ

ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆ, ಬಿ.ಎಚ್. ರಸ್ತೆಯ ಆಡಿಟ್ ಕಚೇರಿ, ಅಡಿಕೆ ಮಂಡಿ, ಸಹಕಾರ ಸಂಘಗಳ ಯಜಮಾನರೇ,

ನಿಮ್ಮಂಥವರ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಕೆಲಸ. ಜುಲೈ ಕೊನೆಯ ರಿಟರ್ನ್ಸ್, ಸೆಪ್ಟೆಂಬರ್ ಕೊನೆಯ ಆಡಿಟ್ ವರದಿ ಎಂದು ಗಡಿಬಿಡಿ ಶುರುವಾದಾಗ ನೀವು ಎರಡು-ಮೂರು ತಿಂಗಳಿಗೆಂದು ಬಿ.ಕಾಂ. ಓದಿದ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತೀರಿ. ಅದರಲ್ಲಿ ಎಷ್ಟೋ ಮಂದಿ ಭದ್ರಾವತಿಯಿಂದ ಬೆಳಗಿನ ಬಸ್ಸು ಹತ್ತಿ ಬರುವವರು. ಅಲ್ಲಿನ ಕಾಗದದ ಕಾರ್ಖಾನೆ ಎಂಪಿಎಂ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತಾರೆ ಎಂದು 2023ರ ಜನವರಿಯಲ್ಲಿ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದದ್ದನ್ನು ನೀವೂ ನೋಡಿದ್ದೀರಿ. ಅಂಥ ಮನೆಗಳ ಮಕ್ಕಳಿಗೆ ನಿಮ್ಮ ಎರಡು ತಿಂಗಳ ಸಂಬಳ ದೊಡ್ಡದು, ನೀವು ಕೊಡುವ ಒಳ್ಳೆಯ ಮಾತು ಇನ್ನೂ ದೊಡ್ಡದು.

ಅವರು ಬಂದ ದಿನ ನೀವು ಮಾಡುವುದೇನು? "ನನ್ನ ಲಾಗಿನ್ನೇ ಹಾಕಿಕೊಡಿ" ಅನ್ನುತ್ತೀರಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸುತ್ತೀರಿ. ಆ ಲಾಗಿನ್‌ನಿಂದ ಸರ್ವರಿನ ಶೇರ್ ಫೋಲ್ಡರ್ ಪೂರ್ತಿ ತೆರೆದುಕೊಳ್ಳುತ್ತದೆ. ಕಕ್ಷಿದಾರರ ಪಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟು, ಪಕ್ಕದ ಮೇಜಿನವರ ಸಂಬಳದ ಪಟ್ಟಿ, ನಿಮ್ಮ ಮನೆಯ ಪಾಲುಪಟ್ಟಿಯ ಸ್ಕ್ಯಾನು, ಎಲ್ಲವೂ. ಬಂದವರಿಗೆ ಬೇಕಾಗಿದ್ದುದು ಒಂದೇ ಫೋಲ್ಡರು. ನೀವು ಇದನ್ನು ನಂಬಿಕೆ ಅಂದುಕೊಂಡಿದ್ದೀರಿ. ಹಾಗಲ್ಲ ಎಂದು ಹೇಳಲಿಕ್ಕೇ ಈ ಪತ್ರ.

ಒಂದು ಕಚೇರಿಯಲ್ಲಿ ಜುಲೈ ಕೊನೆಯ ವಾರ ಒಬ್ಬ ದೊಡ್ಡ ಕಕ್ಷಿದಾರರ ಫೋಲ್ಡರ್ ಕಾಣೆಯಾಯಿತು. ರಿಸೈಕಲ್ ಬಿನ್ ಹುಡುಕಿದರು, ಇರಲಿಲ್ಲ. ನೆಟ್‌ವರ್ಕಿನ ಫೋಲ್ಡರಿನಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಬಂದು ಬೀಳುವುದಿಲ್ಲ, ಹಾಗಾಗಿ ಯಾರೋ ಅಳಿಸಿಯೇ ಬಿಟ್ಟರು ಎಂದು ತೀರ್ಮಾನವಾಯಿತು. ಎಲ್ಲರ ಕಣ್ಣೂ ಹೊಸಬಳ ಮೇಲೆ. ತಾನಲ್ಲ ಎಂದು ತೋರಿಸಲು ಅವಳ ಹತ್ತಿರ ಏನಿತ್ತು? ಇಡೀ ಕಚೇರಿ ಯಜಮಾನರ ಹೆಸರಿನಲ್ಲೇ ಒಳಗಿತ್ತು. ಅವಳು ಅತ್ತುಕೊಂಡು ಕೆಲಸ ಬಿಟ್ಟಳು, ಕೊನೆಯ ತಿಂಗಳ ಸಂಬಳ ಕೈಗೆ ಬರಲಿಲ್ಲ. ಆಮೇಲೆ ನಾನು ಹುಡುಕಿದಾಗ ಆ ಫೋಲ್ಡರ್ ಪಕ್ಕದ ಫೋಲ್ಡರಿನ ಹೊಟ್ಟೆಯಲ್ಲಿ ಸಿಕ್ಕಿತು. ಯಾರದೋ ಮೌಸ್ ಜಾರಿ ಎಳೆದುಕೊಂಡು ಹೋಗಿತ್ತು. ಯಾರದು ಎಂದು ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಅವಳದೇ ಲಾಗಿನ್ ಇದ್ದು, ಆ ಕಕ್ಷಿದಾರರ ಫೋಲ್ಡರಿಗೆ ಓದುವ ಅನುಮತಿಯಷ್ಟೇ ಇದ್ದಿದ್ದರೆ, ಅವಳ ಮೌಸ್ ಜಾರಿದರೂ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ಅವಳ ಪರವಾಗಿ ಸಾಕ್ಷಿ ಹೇಳಲು ಅದೊಂದೇ ಸಾಕಾಗುತ್ತಿತ್ತು.

ಮಾಡಬೇಕಾದ್ದು ದೊಡ್ಡ ಕೆಲಸವೇನಲ್ಲ. ಹೊಸದಾಗಿ ಬಂದವರ ಹೆಸರಿಗೊಂದು ಅಕೌಂಟ್ ತೆರೆಯಿರಿ, ಅದಕ್ಕೆ ಕೊನೆಯ ತಾರೀಖು ಹಾಕಿ. ವಿಂಡೋಸ್ ಸರ್ವರಿನಲ್ಲಿ ಯೂಸರ್ ವಿವರದೊಳಗೆ 'ಅಕೌಂಟ್ ಎಕ್ಸ್‌ಪೈರ್ಸ್' ಎಂಬ ಜಾಗವೇ ಇದೆ. ಸೆಪ್ಟೆಂಬರ್ 30 ಎಂದು ಬರೆದರೆ ಆಮೇಲೆ ಆ ಹೆಸರಿನಲ್ಲಿ ಲಾಗಿನ್ ಆಗುವುದಿಲ್ಲ, ನೀವು ಮರೆತರೂ. ತಾತ್ಕಾಲಿಕ ಸಿಬ್ಬಂದಿಗೆಂದು ಒಂದು ಗುಂಪು ಮಾಡಿ, ಅನುಮತಿಯನ್ನು ಆ ಗುಂಪಿಗೆ ಕೊಡಿ; ಮುಂದಿನ ವರ್ಷ ಬರುವವರನ್ನು ಅದರೊಳಗೆ ಸೇರಿಸಿದರೆ ಮುಗಿಯಿತು. ಶೇರಿನ ಅನುಮತಿ ಬೇರೆ, ಫೋಲ್ಡರಿನ ಎನ್‌ಟಿಎಫ್‌ಎಸ್ ಅನುಮತಿ ಬೇರೆ, ನೆಟ್‌ವರ್ಕಿನಿಂದ ಬಂದಾಗ ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. 'ಎವ್ರಿಒನ್, ಫುಲ್ ಕಂಟ್ರೋಲ್' ಎಂದು ಎರಡೂ ಕಡೆ ಬಿಟ್ಟಿದ್ದರೆ ಬಿಗಿ ಎಲ್ಲಿಂದ ಬರಬೇಕು?

ಇಲ್ಲಿ ಕೆಲವರು ಅತಿ ಎಚ್ಚರ ವಹಿಸಿ ಇನ್ನೊಂದು ತಪ್ಪು ಮಾಡುತ್ತಾರೆ. ಬರೆಯಲಿ, ಆದರೆ ಅಳಿಸಬಾರದು ಎಂದು 'ಡಿಲೀಟ್' ಒಂದನ್ನು ತೆಗೆದುಬಿಡುತ್ತಾರೆ. ಆಗ ಎಕ್ಸೆಲ್ ಫೈಲು ಸೇವ್ ಆಗದೆ ತಕರಾರು ತೆಗೆಯುತ್ತದೆ. ಏಕೆಂದರೆ ಎಕ್ಸೆಲ್ ಮೊದಲು ಒಂದು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಅಳಿಸುವ ಹಕ್ಕಿಲ್ಲದೆ ಇದು ನಡೆಯದು. ಬೇಸತ್ತ ಯಜಮಾನರು ಮತ್ತೆ ತಮ್ಮ ಪಾಸ್‌ವರ್ಡನ್ನೇ ಕೊಡುತ್ತಾರೆ. ಹಾಗೆ ಮಾಡಬೇಡಿ. ಈ ವರ್ಷದ ಕೆಲಸಕ್ಕೆ ಹೊಸಬರಿಗೊಂದು ಪ್ರತ್ಯೇಕ ಫೋಲ್ಡರ್ ಮಾಡಿ, ಅದರಲ್ಲಿ 'ಮಾಡಿಫೈ' ಕೊಡಿ. ಹಳೆಯ ವರ್ಷಗಳದ್ದರಲ್ಲಿ ಅವರ ಕೆಲಸಕ್ಕೆ ಬೇಕಾದಷ್ಟನ್ನೇ ಓದಲು ಬಿಡಿ. ರಾತ್ರಿ ಬ್ಯಾಕಪ್ ತಪ್ಪದಿರಲಿ. ಟ್ಯಾಲಿಯಲ್ಲೂ ಯಜಮಾನರದ್ದೊಂದು, 'ಡೇಟಾ ಎಂಟ್ರಿ'ಯದ್ದೊಂದು ಎಂದು ಬೇರೆ ಬೇರೆ ಹಂತಗಳಿವೆ, ಬಳಸಿ.

ಭದ್ರಾವತಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋದವರ ಗೇಟ್ ಪಾಸಿನಲ್ಲಿ ಹೆಸರೂ ಇರುತ್ತದೆ, ತಾರೀಖೂ ಇರುತ್ತದೆ. ಅದನ್ನು ಯಾರೂ ಅವಮಾನ ಎಂದುಕೊಳ್ಳಲಿಲ್ಲ. ಒಳಗೆ ಏನಾದರೂ ಆದರೆ ಯಾರು ಇದ್ದರು, ಯಾರು ಇರಲಿಲ್ಲ ಎಂದು ಹೇಳುವುದು ಆ ಪಾಸೇ. ಸರ್ಕಾರಕ್ಕೂ ಇದು ಎರಡು ದಶಕಗಳ ಹಿಂದೆಯೇ ಗೊತ್ತಿತ್ತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿಯ 'ಭೂಮಿ' ಬಂದಾಗ, ತಾಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಪಾಸ್‌ವರ್ಡ್ ಆದರೆ ಒಬ್ಬರದ್ದು ಇನ್ನೊಬ್ಬರಿಗೆ ದಾಟುತ್ತದೆ, ಬೆರಳು ದಾಟುವುದಿಲ್ಲ. ರೈತನ ಖಾತೆ ಬದಲಾದರೆ ಬದಲಿಸಿದ ಕೈ ಯಾವುದೆಂದು ಉಳಿಯಬೇಕಿತ್ತು. ನಿಮ್ಮ ಕಕ್ಷಿದಾರರೂ ಬಹುಪಾಲು ಅದೇ ರೈತರು, ಅದೇ ಅಡಿಕೆ ಬೆಳೆಗಾರರು. ಅವರ ಮಾಹಿತಿ ಕಾಯುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಮಾಹಿತಿ ಇಟ್ಟುಕೊಂಡವರ ಮೇಲೆ ಹೊರಿಸಿದೆ. ರಕ್ಷಣೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಮ್ಮಂಥ ಸಣ್ಣ ಕಚೇರಿಗೆ ಅಷ್ಟು ಬೀಳಲಿಕ್ಕಿಲ್ಲ ಎಂದೇ ಇಟ್ಟುಕೊಳ್ಳೋಣ. ನನಗೆ ದಂಡದ ಚಿಂತೆಗಿಂತ, ಆಧಾರ್ ಪ್ರತಿಯನ್ನು ನಿಮ್ಮ ಮೇಜಿನ ಮೇಲಿಟ್ಟು ನೆಮ್ಮದಿಯಿಂದ ಊರಿಗೆ ಹೋಗುವ ಸಾಗರ, ತೀರ್ಥಹಳ್ಳಿಯ ಬೆಳೆಗಾರರ ಚಿಂತೆ ಹೆಚ್ಚು.

ಈ ವಾರವೇ ಎರಡು ಕೆಲಸ ಮಾಡಿ. ಕಳೆದ ವರ್ಷ, ಅದರ ಹಿಂದಿನ ವರ್ಷ ಬಂದು ಹೋದವರ ಅಕೌಂಟು ಯಾವುದಾದರೂ ಇನ್ನೂ ತೆರೆದಿದ್ದರೆ ಮುಚ್ಚಿಸಿ. ನಿಮ್ಮ ಪಾಸ್‌ವರ್ಡ್ ಗೊತ್ತಿರುವವರು ಯಾರ್ಯಾರು ಎಂದು ನೆನಪು ಮಾಡಿಕೊಂಡು, ಅದನ್ನು ಬದಲಿಸಿ. ಆ ಹುಡುಗಿಯನ್ನು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನರು ಇದನ್ನು ಓದುತ್ತಿದ್ದರೆ ಮೂರನೆಯದೊಂದಿದೆ: ಬಾಕಿ ಉಳಿದ ಸಂಬಳವನ್ನು ಅವಳ ಮನೆಗೆ ತಲುಪಿಸಿ.

ಇಂತಿ,
ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವನು