ಆ ವೈರಿಗೆ ಅಷ್ಟು ದುಡ್ಡು ಸುರೀಬೇಡಿ ಗೌಡ್ರೇ

ಗೌಡ್ರೇ, ಸ್ವಲ್ಪ ಬೇಲಿ ಹತ್ರ ಬನ್ನಿ. ನಿಮ್ಮ ಹುಡುಗ ಗಿಟಾರಿಗೂ ಮೈಕಿಗೂ ಬೆಂಗಳೂರಿಂದ ತರಿಸ್ತೀನಿ ಅಂತಿದ್ನಲ್ಲ, ಆ ವೈರಿನ ಮಾತು ತಲೇಲೇ ಕೂತಿದೆ. ಒಂದಕ್ಕೆ 12,000 ರೂಪಾಯಿಯಂತೆ! ಆಮ್ಲಜನಕ ತೆಗೆದ ತಾಮ್ರ, ಚಿನ್ನದ ಲೇಪದ ಪಿನ್ನು ಅಂತ ಡಬ್ಬಿ ಮೇಲೆ ಬರೆದಿರುತ್ತೆ. ಹಾಡೋ ಮಕ್ಕಳ ಆಸೇನೇ ಬಂಡವಾಳ ಮಾಡ್ಕೊಂಡ ಈ ವ್ಯಾಪಾರ ನೋಡಿದ್ರೆ ಸಂಕಟ ಆಗುತ್ತೆ.

ಮನೆ ವೈರಿಂಗಿಗೆ ಹಾಕೋ ಒಳ್ಳೆ ತಂತಿಯ ತಾಮ್ರವೇ ಶೇ. 99.9 ಶುದ್ಧ. ಆಮ್ಲಜನಕ ತೆಗೆದ್ರೆ ಕರೆಂಟು ಹರಿಯೋದು ಹೆಚ್ಚೆಂದ್ರೆ ನೂರಕ್ಕೆ ಒಂದು ಪಾಲು ಸಲೀಸಾಗುತ್ತೆ. ಸ್ಪೀಕರಿಗೆ 2.5 ಚದರ ಮಿಲಿಮೀಟರಿನ ಮಾಮೂಲಿ ತಂತಿ 10 ಮೀಟರ್ ಎಳೆದ್ರೂ, ಹೋಗಿ ಬರೋ ದಾರಿ ಸೇರಿ ತಡೆ ಸುಮಾರು 0.15 ಓಮ್. ಸ್ಪೀಕರಿನದೇ 8 ಓಮ್ ಇರೋವಾಗ ಅದು ಯಾವ ಲೆಕ್ಕ? ಚಿನ್ನಕ್ಕೆ ಕಿಲುಬು ಹಿಡಿಯಲ್ಲ, ನಮ್ಮ ಮಳೆಗಾಲಕ್ಕೆ ಒಳ್ಳೇದೇ. ಆದ್ರೆ ಆ ತೆಳು ಲೇಪ ಅಗ್ಗದ ಪಿನ್ನಿನಲ್ಲೂ ಸಿಗುತ್ತೆ. ಗಿಟಾರಿನ ವೈರು ತೀರಾ ಉದ್ದ ಆದ್ರೆ ಮೇಲಿನ ಸ್ವರಗಳ ಹೊಳಪು ಮಂಕಾಗೋದು ನಿಜ, ಇಲ್ಲ ಅನ್ನಲ್ಲ. ಅದಕ್ಕೆ ಗಿಡ್ಡ ವೈರು ಸಾಕಲ್ಲ.

ಕೇಳಿದ್ರೆ ವ್ಯತ್ಯಾಸ ಗೊತ್ತಾಗುತ್ತೆ ಅಂತಾನೆ ಹುಡುಗ. ನಿಮ್ಮ ಕಾಫಿ ಕ್ಯೂರಿಂಗಿಗೆ ಹೋದಾಗ ರುಚಿ ನೋಡೋರು ಬಟ್ಟಲ ಮೇಲೆ ತೋಟದ ಹೆಸರು ಬರೀತಾರಾ? ನಂಬರ್ ಹಾಕ್ತಾರೆ. ಹೆಸರು ಕಂಡ ಕೂಡಲೇ ನಾಲಿಗೆ ಆ ಕಡೆ ವಾಲುತ್ತೆ ಅಂತ ಅವರಿಗೆ ಗೊತ್ತು. ಕಿವೀನೂ ಹಾಗೇ. ಎರಡು ವೈರು ಇಟ್ಟು, ಯಾವುದು ಹಾಕಿದೀರಿ ಅಂತ ಹೇಳದೆ, ಬೆನ್ನ ಹಿಂದೆ ಬದಲಾಯಿಸಿ ಕೇಳಿಸಿ. ಹತ್ತಿಪ್ಪತ್ತು ಸಲ ಸರಿಯಾಗಿ ಗುರುತಿಸಿದ್ರೆ ನಾನೇ ಒಪ್ತೀನಿ.

2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಂಥದ್ದೇ ಪಂಥ ಕಟ್ಟಿದ್ರು. 12 ಅಡಿಯ ಒಂದು ಜೊತೆ ಸ್ಪೀಕರ್ ವೈರಿಗೆ 7,250 ಡಾಲರ್ ಬೆಲೆ! ಅದನ್ನ ಮಾಮೂಲಿ ವೈರಿಂದ ಬೇರೆ ಅಂತ ಬರೀ ಕಿವಿಯಿಂದ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಅಂದ್ರು. ಆ ವೈರಿನ ಕಂಪನಿಯವರು ಹಿಂದೆ ಸರಿದ್ರು, ಪರೀಕ್ಷೆ ನಡೀಲೇ ಇಲ್ಲ. ಪರೀಕ್ಷೆಗೆ ನಿಲ್ಲದ್ದನ್ನ ನಂಬೋದು ಬೇಡ ಅನ್ನೋದು ನಮ್ಮಲ್ಲೂ ಹೊಸದಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿನೇ ಮಾಡಿದ್ರಲ್ಲ.

ನಿಮ್ಮ ಹುಡುಗನ ಸ್ಪೀಕರು ಗುಂಯ್ ಅನ್ನೋದು ನನಗೂ ಈಚೆಗೆ ಕೇಳುತ್ತೆ. ಅದು ವೈರಿನ ಬಡತನ ಇರಲಾರದು, ಬಹುಶಃ ಅರ್ಥಿಂಗಿನ ತೊಂದರೆ. 50 ಹರ್ಟ್ಸ್ ಕರೆಂಟು ದನಿಯೊಳಗೆ ನುಸುಳಿದಾಗ ಹಾಗೇ ಗುನುಗುತ್ತೆ. ಮೈಕಿಗೆ ಮೂರು ಪಿನ್ನಿನ ವೈರು ಇದ್ರೆ ಒಳಗಿನ ಎರಡು ಎಳೆಗಳಿಗೂ ಒಂದೇ ಥರ ಹತ್ತಿದ ಗಲಾಟೆಯನ್ನ ಮಿಕ್ಸರು ಕಳೆದು ಹಾಕುತ್ತೆ. ಅಂಥ ವೈರು ಕೆಲವು ನೂರು ರೂಪಾಯಿಗೇ ಸಿಗುತ್ತೆ. ಹೆತ್ತೂರಿಂದ ಮಗ್ಗೆವರೆಗೆ ನಮ್ಮ ಕಡೆ ಸಾಮಾನು ಕೆಡಿಸೋದು ಥಂಡಿ, ಬೂಷ್ಟು, ಮುಂಗಾರಿಗೆ ಮುಂಚಿನ ಸಿಡಿಲು. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳೋಕೆ ಹೇಳಿ. ಆರಿದ್ರೆ, ಪುನರ್ವಸು ಮಳೆ ಹಿಡಿದಾಗ ಗಿಟಾರು, ಮೈಕು ಬಿಗಿಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ.

ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲೇ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ್ರು. ಆ ಕಂಠ ಬಂದಿದ್ದು ಸಾಧನೆಯಿಂದ. ನಿಮ್ಮ ಹುಡುಗನ ದನಿ ಚೆನ್ನಾಗಿದೆ ಗೌಡ್ರೇ, ಶ್ರುತಿ ಮಾತ್ರ ಇನ್ನೂ ಸ್ವಲ್ಪ ಜಾರುತ್ತೆ. ಆ 12,000ದಲ್ಲಿ ಮೊದಲು ಅರ್ಥಿಂಗ್ ಸರಿ ಮಾಡ್ಸಿ, ಉಳಿದಿದ್ದನ್ನ ಹಾಸನದಲ್ಲಿ ಒಬ್ಬ ಒಳ್ಳೆ ಮೇಷ್ಟ್ರ ಹತ್ರ ಪಾಠಕ್ಕೆ ಕಟ್ಟಿ.